ಗಾಲಿ ನಿಂತ ಹೊತ್ತು

ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗುವ ಮೋಟಾರಿಗೆ ಜಾತಿ ಇರಲಿಲ್ಲ. ಅದನ್ನು ನಡೆಸುವವನಿಗೆ ಇತ್ತು.

ಮೋಟಾರು ಸಾಹುಕಾರ ದೊಡ್ಡಬಸಪ್ಪನವರದು. ನಡೆಸುವವನು ಕುಷ್ಟಗಿ ಮಾದರ ಓಣಿಯ ಹೊಳಿಯಪ್ಪ. ಯುದ್ಧ ಶುರುವಾಗಿ ಪೆಟ್ರೋಲು ಕಣ್ಣಿಗೆ ಬೀಳದಂತಾದಾಗ ಗಾಡಿಯ ಬೆನ್ನಿಗೆ ಇದ್ದಲಿಯ ದೊಡ್ಡ ಒಲೆಯೊಂದನ್ನು ಕೂಡಿಸಿದ್ದರು. ಒಲೆಯ ಹೊಗೆಯಲ್ಲೇ ಗಾಡಿ ಓಡಬೇಕು. ಆ ಒಲೆ ಹೊತ್ತಿಸಿ, ಗಾಳಿಚಕ್ರ ತಿರುಗಿಸಿ, ಬೂದಿ ಕೆರೆದು, ಏರು ಬಂದಲ್ಲಿ ಇಳಿದು ನೂಕುವುದಕ್ಕೆಂದು ಹೊಳಿಯಪ್ಪನನ್ನು ಇಟ್ಟುಕೊಂಡಿದ್ದರು. ಆಗ ಡ್ರೈವರು ಬೇರೆ ಇದ್ದ. ಆತ ಒಂದು ದಿನ ಪಲ್ಟಣ ಸೇರಿ ಹೋದ. ಅಲ್ಲಿ ಪಗಾರ ಹೆಚ್ಚು, ಬೂಟು ಪುಕ್ಕಟೆ. ಸಾಹುಕಾರರು ಊರೂರು ತಿರುಗಿದರು. ಗಾಡಿ ನಡೆಸಬಲ್ಲವರೆಲ್ಲ ಬೂಟು ಹಾಕಿಕೊಂಡು ಹೋಗಿಯಾಗಿತ್ತು. ಉಳಿದವನು, ಡ್ರೈವರನನ್ನು ನೋಡಿ ನೋಡಿಯೇ ಗಾಡಿ ಕಲಿತ ಹೊಳಿಯಪ್ಪ ಒಬ್ಬನೇ. ಅವನಿಗೆ ಡ್ರೈವರನ ಕೆಲಸವೂ ಬಂತು, ಒಲೆಯ ಕೆಲಸವೂ ಉಳಿಯಿತು, ಪಗಾರ ಮಾತ್ರ ಒಲೆಯದೇ ಮುಂದುವರಿಯಿತು.

ಮಾದರವನು ಗಾಡಿ ನಡೆಸುತ್ತಾನೆಂದು ತಿಳಿದು ಮೊದಮೊದಲು ಯಾರೂ ಹತ್ತಲಿಲ್ಲ. ಕೊಪ್ಪಳದಲ್ಲಿ ರೈಲು ಹಿಡಿಯಬೇಕಾದವರು ಚಕ್ಕಡಿ ಹೂಡಿಸಿದರು. ಚಕ್ಕಡಿ ಸಿಗದವರು ನಡೆದರು. ಅಂಗಾಲಲ್ಲಿ ಬೊಬ್ಬೆ ಎದ್ದ ಮೇಲೆ ಧರ್ಮ ಒಂದಿಷ್ಟು ಸಡಿಲಾಯಿತು. ಹಿರಿಯರು ಕೂತು ವಿಚಾರ ಮಾಡಿದರು. ಡ್ರೈವರನ ಬೆನ್ನಿಗೊಂದು ಹಲಗೆ ಬಡಿದರೆ ಮೈಲಿಗೆ ಈಚೆ ದಾಟುವುದಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಹಲಗೆ ಬಡಿಸಿದರು. ಮೈಲಿಗೆ ಯಾರದೋ ಖರ್ಚೂ ಅವರದೇ ಆಗಬೇಕಲ್ಲ, ಹಲಗೆಯ ದುಡ್ಡನ್ನು ಹೊಳಿಯಪ್ಪನ ಪಗಾರದಲ್ಲಿ ಹಿಡಿದರು.

ಸಾಹುಕಾರರು ಸುಧಾರಣೆಯ ಮನುಷ್ಯ. ಬಿಳೀ ಟೋಪಿ ಹಾಕುತ್ತಿದ್ದರು. ಕೊಪ್ಪಳದ ವಕೀಲ ಕೊಟ್ರಬಸಪ್ಪನವರ ಜೊತೆ ಅವರಿಗೆ ಸ್ನೇಹ. ಹುಬ್ಬಳ್ಳಿ ಕಡೆ ಕೆಲವು ಮಾಲಕರು ಹೊತ್ತು ಮೀರಿ ದುಡಿದ ಡ್ರೈವರುಗಳಿಗೆ ಹೆಚ್ಚಿಗೆ ಪಗಾರ ಕೊಡುತ್ತಾರಂತೆ ಎಂದು ವಕೀಲರು ಒಮ್ಮೆ ಹೇಳಿದರು. ನಾನೂ ಕೊಡುತ್ತೇನೆ, ಎಂಟು ತಾಸು ಮೀರಿದ್ದಕ್ಕೆಲ್ಲ ಕೊಡುತ್ತೇನೆ ಎಂದು ಸಾಹುಕಾರರು ನಾಲ್ಕು ಜನರ ಮುಂದೆ ಹೇಳಿಬಿಟ್ಟರು. ಹೇಳುವಾಗ ಹಿತವಾಗಿತ್ತು. ಮನೆಗೆ ಬಂದು ಲೆಕ್ಕ ಹಾಕಿದಾಗ ಸಂಕಟವಾಯಿತು. ಹೊಳಿಯಪ್ಪ ನಸುಕಿಗೆ ಒಲೆ ಹೊತ್ತಿಸಿದರೆ ದೀಪ ಹಚ್ಚುವ ಹೊತ್ತಿಗೆ ಗಾಡಿ ತೊಳೆದು ಮನೆಗೆ ಹೋಗುತ್ತಿದ್ದ. ಎಂಟು ತಾಸು ಮಧ್ಯಾಹ್ನಕ್ಕೇ ಮುಗಿದುಹೋಗುತ್ತಿತ್ತು.

ಆಗ ಗುಮಾಸ್ತ ಗವಿಸಿದ್ದಪ್ಪ ಒಂದು ನಿಯಮ ಹೊಸೆದು ಯಜಮಾನರ ಸಂಕಟ ಇಳಿಸಿದ. ಗಾಲಿ ತಿರುಗುವ ಹೊತ್ತು ದುಡಿಮೆ. ಗಾಲಿ ನಿಂತ ಹೊತ್ತು ಡ್ರೈವರನ ಆರಾಮ. ಒಲೆ ಹೊತ್ತಿಸುವಾಗ ಗಾಲಿ ನಿಂತಿರುತ್ತದೆ, ಅದು ಆರಾಮ. ಬೂದಿ ಕೆರೆಯುವುದು ಆರಾಮ. ಜನ ಹತ್ತುವತನಕ ಕಾಯುವುದು ಆರಾಮ. ಗಾಡಿಯ ಕೆಳಗೆ ಅಂಗಾತ ಬಿದ್ದು ಬಿಸಿ ಎಣ್ಣೆ ಮುಖದ ಮೇಲೆ ಸುರಿಸಿಕೊಳ್ಳುವುದೂ ಆರಾಮವೇ. ಗಾಡಿ ನೂಕುವಾಗ ಗಾಲಿ ತಿರುಗುತ್ತದಲ್ಲ ಎಂದು ಹೊಳಿಯಪ್ಪ ಕೇಳಿದ್ದಕ್ಕೆ ಗುಮಾಸ್ತ ಒಂದು ದಿನ ವಿಚಾರ ಮಾಡಿ, ಗಾಲಿ ತನ್ನ ಬಲದಿಂದ ತಿರುಗಬೇಕು ಎಂದು ತಿದ್ದುಪಡಿ ತಂದ. ಈ ನಿಯಮದ ಪ್ರಕಾರ ನೋಡಿದರೆ ಇಡೀ ಕುಷ್ಟಗಿಯಲ್ಲಿ ಹೊಳಿಯಪ್ಪನಷ್ಟು ಆರಾಮಾಗಿದ್ದ ಮನುಷ್ಯ ಇನ್ನೊಬ್ಬನಿರಲಿಲ್ಲ. ಆರಾಮದಿಂದ ಅವನ ಅಂಗೈ ಸುಟ್ಟಿತ್ತು. ಆರಾಮದಿಂದ ಅವನು ಕರಿ ಕೆಮ್ಮುತ್ತಿದ್ದ.

ಆ ಹೆಚ್ಚಿನ ಪಗಾರ ಹೊಳಿಯಪ್ಪನಿಗೆ ಬೇಕಿತ್ತು. ಅವನ ಹೆಂಡತಿ ದುರುಗವ್ವ ಬಸುರಿ. ಊರ ಹೊರಗೆ ಅದೇ ಕೊಪ್ಪಳದ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಳು. ಹೊಟ್ಟೆ ಮುಂದೆ ಬಂದು ಕುಕ್ಕರಗಾಲಲ್ಲಿ ಕೂಡಲಿಕ್ಕೆ ಆಗದೆ, ಒಂದು ಕಾಲು ಚಾಚಿ ಕೂತು ಸುತ್ತಿಗೆ ಎತ್ತುತ್ತಿದ್ದಳು. ದಿನಾ ಹೊಳಿಯಪ್ಪನ ಗಾಡಿ ಅವಳ ಪಕ್ಕದಲ್ಲೇ ಹಾಯುತ್ತಿತ್ತು. ಅವನೆಷ್ಟು ನಿಧಾನ ಮಾಡಿದರೂ ಧೂಳೆಲ್ಲ ಅವಳ ತಲೆಯ ಮೇಲೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಅವನು ಮುಖ ತಿರುಗಿಸುತ್ತಿದ್ದ. ಹೆಚ್ಚಿನ ಪಗಾರವೊಂದು ಬಂದರೆ ಅವಳನ್ನು ಕಲ್ಲಿನಿಂದ ಎಬ್ಬಿಸಿ ಮನೆಯಲ್ಲಿ ಕೂಡಿಸಬಹುದಿತ್ತು. ಅವನಿಗಿದ್ದದ್ದು ಅದೊಂದೇ ಆಸೆ.

ಆದ್ದರಿಂದ ಅವನು ಸಾಹುಕಾರರ ಅಂಗಡಿಯ ಕಟ್ಟೆಯ ಕೆಳಗೆ ನಿಂತು ಕೇಳಿದ. ಬೇರೆಲ್ಲ ಹೋಗಲಿ, ಕಲ್ಲಬಾವಿಯಲ್ಲಿ ನಿಲ್ಲುವ ಹೊತ್ತನ್ನಾದರೂ ಹಿಡಿಯಿರಿ ಎಂದ.

ಕಲ್ಲಬಾವಿ ದಾರಿಯ ನಡುವಿನ ಹಳ್ಳಿ. ಅಲ್ಲಿಗೆ ಬರುವ ಮುನ್ನ ಒಂದು ಏರು. ಏರು ಹತ್ತುವಷ್ಟರಲ್ಲಿ ಗಾಡಿ ಕಾದು, ಮುಂದಿನ ರೇಡಿಯೇಟರಿನಲ್ಲಿ ನೀರೆಲ್ಲ ಹಬೆಯಾಗಿ ಹೋಗುತ್ತಿತ್ತು. ನೀರು ಹಾಕದೆ ಒಂದು ಹೆಜ್ಜೆ ಮುಂದೆ ಹೋದರೂ ಇಂಜಿನು ಸುಟ್ಟುಹೋಗುವುದು. ಊರಿಗೆ ಇದ್ದದ್ದು ಒಂದೇ ಮೆಟ್ಟಿಲ ಬಾವಿ, ರಸ್ತೆಗೆ ಹತ್ತಿಯೇ ಇತ್ತು. ಅದರ ನೀರನ್ನು ಮೋಟಾರು ಕುಡಿಯಬಹುದಿತ್ತು, ಹೊಳಿಯಪ್ಪ ಮುಟ್ಟುವ ಹಾಗಿರಲಿಲ್ಲ. ಅದಕ್ಕೆಂದು ಸಾಹುಕಾರರು ಕಳಕಮ್ಮ ಎಂಬ ಒಕ್ಕಲಿಗರ ಮುದುಕಿಗೆ ಜೋಳ ಅಳೆದುಕೊಟ್ಟು ನೀರು ಹೊರಲು ಗೊತ್ತುಮಾಡಿದ್ದರು. ಅವಳು ಹೊಲದಿಂದಲೋ ಮನೆಯಿಂದಲೋ ಬಂದು, ಸೊಂಟ ಹಿಡಿದುಕೊಂಡು ಮೆಟ್ಟಿಲಿಳಿದು, ಡಬ್ಬಿ ಡಬ್ಬಿ ನೀರು ತಂದು ಸುರಿಯುವತನಕ ಹೊಳಿಯಪ್ಪ ದೂರ ನಿಲ್ಲಬೇಕು. ಮೋಟಾರು ಕುಡಿದು ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದಿದ್ದರೆ ಅವಳು ಮೇಲಿಂದ ಹೊಯ್ಯುತ್ತಿದ್ದಳು, ಇವನು ಬಗ್ಗಿ ಬೊಗಸೆ ಒಡ್ಡುತ್ತಿದ್ದ. ಯಾರೂ ನೋಡದಿದ್ದ ದಿನ ಮೊದಲು ಇವನಿಗೇ ಹೊಯ್ದು ಆಮೇಲೆ ಮೋಟಾರಿಗೆ ಹಾಕುತ್ತಿದ್ದಳು. ಕಳಕಮ್ಮನ ಸುಧಾರಣೆ ಅಷ್ಟು.

ಸಾಹುಕಾರರು ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ನಿಂತಾಗ ನೀ ಏನ್ ಮಾಡ್ತೀಯೋ ಹೊಳಿಯಾ? ಗಿಡದ ನೆರಳಾಗ ನಿಂದರ್ತಿ. ನೀರು ತರಾಕಿ ಆ ಮುದುಕಿ, ಕುಡಿಯೂದು ಮೋಟಾರ. ಅದರಾಗ ನಿನ್ನ ದುಡಿಮಿ ಎಲ್ಲಿ ಬಂತು? ಅದು ನಿನ್ನ ಹೊತ್ತು. ನಿನಗ ಬಿಟ್ಟು ಕೊಟ್ಟೀನಿ, ತಗೋ."

ಹೊಳಿಯಪ್ಪ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಸಾಹುಕಾರರಿಂದ ಅವನಿಗೆ ಪುಕ್ಕಟೆ ಸಿಕ್ಕಿದ್ದು ಅದೊಂದೇ.

ಮಾತು ಅಲ್ಲಿಗೆ ಮುಗಿಯಲಿಲ್ಲ. ನಿಯಮದ ರುಚಿ ಹತ್ತಿದ ಗುಮಾಸ್ತನಿಗೆ ಹೊಸದೊಂದು ಹೊಳೆಯಿತು. ಗಾಲಿ ನಿಂತ ಹೊತ್ತು ದುಡಿಮೆಯಲ್ಲದಿದ್ದರೆ ಆ ಹೊತ್ತಿನಲ್ಲಿ ನೀರು ಹೊರುವುದು ಹೇಗೆ ದುಡಿಮೆ? ಮುದುಕಿಗೆ ಜೋಳ ಯಾಕೆ? ಸಾಹುಕಾರರಿಗೆ ಇದು ನ್ಯಾಯವಾಗಿ ಕಂಡಿತು. ಕಳಕಮ್ಮನ ಜೋಳ ನಿಂತಿತು. ಕಳಕಮ್ಮ ಜಗಳಾಡಲಿಲ್ಲ. ಸೊಂಟ ನೋವೆಂದು ಹೇಳಿ ತಳಕಲ್ಲಿನ ಮಗಳ ಮನೆಗೆ ಹೋದಳು.

ಮರುದಿನವೇ ಕೊಪ್ಪಳದಲ್ಲಿ ದೊಡ್ಡ ಸಭೆ. ಹರಿಜನೋದ್ಧಾರದ ಸಭೆ. ಮಾದರವನ ಕೈಗೆ ಮೋಟಾರು ಕೊಟ್ಟ ಪುಣ್ಯಾತ್ಮರೆಂದು ದೊಡ್ಡಬಸಪ್ಪನವರಿಗೆ ಅಲ್ಲಿ ಹಾರ ಹಾಕುವವರಿದ್ದರು. ಸಾಹುಕಾರರು ಹೊಸ ಧೋತರ ಉಟ್ಟು ಹಲಗೆಯ ಹಿಂದೆ ಕೂತರು. ಅವರನ್ನು ಕರೆದೊಯ್ಯಲೆಂದೇ ಹಿಂದಿನ ದಿನ ಬಂದಿದ್ದ ವಕೀಲ ಕೊಟ್ರಬಸಪ್ಪನವರು ಪಕ್ಕದಲ್ಲಿ. ಹಿಂದೆಲ್ಲ ಬಿಳೀ ಟೋಪಿಗಳು. ಹರಿಜನರ ಉದ್ಧಾರ ಹೇಗೆಂದು ದಾರಿಯುದ್ದಕ್ಕೂ ಮಾತು. ಮಾತು ಹಲಗೆ ದಾಟಿ ಹೊಳಿಯಪ್ಪನಿಗೂ ಕೇಳುತ್ತಿತ್ತು. ಮಾತಿಗೆ ಮೈಲಿಗೆಯಿಲ್ಲ. ಊರು ದಾಟುವಾಗ ದುರುಗವ್ವ ಕಲ್ಲಿನ ಗುಪ್ಪೆಯ ಮೇಲೆ ದಣಿದು ಒರಗಿದ್ದಳು. ಸುತ್ತಿಗೆ ಕೆಳಗೆ ಬಿದ್ದಿತ್ತು. ಹೊಳಿಯಪ್ಪನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂದಿನಿಂದ ಯಾರೋ ಹಲಗೆ ಬಡಿದು, ನಡೀ, ತಡ ಆಗತೈತಿ ಎಂದರು. ಗಾಡಿ ಮುಂದೆ ಹೋಯಿತು. ಧೂಳು ಎದ್ದು ಅವಳು ಕಾಣದಾದಳು.

ಕಲ್ಲಬಾವಿಯ ಏರು ಹತ್ತಿ ಗಾಡಿ ಎಂದಿನಂತೆ ಬುಸುಗುಟ್ಟುತ್ತ ನಿಂತಿತು. ಆದರೆ ಕಳಕಮ್ಮ ಬರಲಿಲ್ಲ. ಹೊಳಿಯಪ್ಪ ಕೆಳಗಿಳಿದ. ಬೇವಿನ ನೆರಳಿಗೆ ಹೋದ. ತಲೆಯ ವಸ್ತ್ರ ಬಿಚ್ಚಿ ನೆಲಕ್ಕೆ ಹಾಸಿದ. ಮಲಗಿದ.

ಸ್ವಲ್ಪ ಹೊತ್ತು ಯಾರಿಗೂ ತಿಳಿಯಲಿಲ್ಲ. ಆಮೇಲೆ ಸಾಹುಕಾರರು ಇಳಿದು ಬಂದು, ನೀರಿನ ವ್ಯವಸ್ಥೆ ಮಾಡು ಎಂದರು. ಹೊಳಿಯಪ್ಪ ಏಳಲಿಲ್ಲ. ಹುಟ್ಟಿದಾಗಿನಿಂದ ಇಂಥವರ ಮುಂದೆ ಅವನು ಮಲಗಿದ್ದಿಲ್ಲ, ಕೂತದ್ದೂ ಇಲ್ಲ. ಆದರೂ ಮಲಗಿಕೊಂಡೇ ಹೇಳಿದ:

"ಗಾಲಿ ನಿಂತಾವ್ರಿ ಸಾವ್ಕಾರ್ರ. ಈಗ ನಾ ಆರಾಮ ಅದೀನಿ. ಇದು ನನ್ನ ಹೊತ್ತಂತ ನೀವ ಹೇಳೀರಿ."

ಸಾಹುಕಾರರ ಮುಖ ಕೆಂಪಾಯಿತು. ಬಾಯಿಗೆ ಬಂದ ಮಾತು ದೊಡ್ಡದೇ ಇತ್ತು, ಆದರೆ ಹೋಗುತ್ತಿದ್ದದ್ದು ಹರಿಜನೋದ್ಧಾರಕ್ಕೆ. ನುಂಗಿಕೊಂಡರು. ವಕೀಲರು ಗಡಿಯಾರ ನೋಡಿ ಮುಂದೆ ಬಂದರು. ಅವರಿಗೆ ಕಾನೂನು ಗೊತ್ತು, ಜನರನ್ನು ಒಲಿಸುವುದೂ ಗೊತ್ತು. ಬಾವಿಯೆಂದರೆ ದೇವರ ನೀರು, ಯಾರು ಮುಟ್ಟಿದರೂ ಮುಟ್ಟಲಿ, ನೀನೇ ಇಳಿದು ತಾ, ನಾವಿದ್ದೇವೆ ಎಂದರು. ಅಷ್ಟರಲ್ಲಿ ಊರ ನಾಲ್ಕೈದು ಮಂದಿ ಬಾವಿಯ ಕಟ್ಟೆಗೆ ಬಂದು ನಿಂತಿದ್ದರು. ಸಭೆ ನಿಮ್ಮೂರಾಗ ಮಾಡ್ಕೋರಿ, ಬಾವಿ ನಮ್ಮದು ಎಂದು ಅವರಲ್ಲೊಬ್ಬ ಮೆಲ್ಲಗೆ ಹೇಳಿದ. ವಕೀಲರು ದೇವರ ನೀರಿನ ಮಾತನ್ನು ಅಲ್ಲಿಗೇ ಬಿಟ್ಟು ಮತ್ತೊಮ್ಮೆ ಗಡಿಯಾರ ನೋಡಿದರು.

ಮೇಲ್ಜಾತಿಯವರು ಗಾಡಿಯ ತುಂಬ ಇದ್ದರು. ಯಾರು ಇಳಿದು ಒಂದು ಡಬ್ಬಿ ನೀರು ತಂದಿದ್ದರೂ ಊರವರು ತಡೆಯುತ್ತಿರಲಿಲ್ಲ. ಆದರೆ ಎಲ್ಲರ ಧೋತರವೂ ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಬಾವಿಯ ಮೆಟ್ಟಿಲಿಗೆ ಪಾಚಿ. ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಉಪವಾಸ. ಸಾಹುಕಾರರು ಗಾಡಿಯ ಮಾಲಕರು, ಅವರು ಡಬ್ಬಿ ಹಿಡಿದರೆ ಚೆನ್ನಾಗಿರುತ್ತದೆಯೇ? ಹರಿಜನರನ್ನು ಮೇಲೆತ್ತಲು ಹೊರಟವರಿಗೆ ಒಂದು ಡಬ್ಬಿ ನೀರು ಮೇಲೆತ್ತಲು ಆಗಲಿಲ್ಲ. ಬಿಸಿಲೇರಿತು. ಟೋಪಿಗಳು ಬೆವರಿದವು. ಹೊಳಿಯಪ್ಪ ಬೇವಿನ ಎಲೆ ನೋಡುತ್ತ ಆರಾಮ ಮಾಡಿದ.

ಕೊನೆಗೆ ಸಾಹುಕಾರರು ಸೋತರು.

"ಆತಪಾ. ನಿಂತ ಹೊತ್ತೂ ದುಡಿಮಿ ಅಂತ ಹಿಡೀತೀನಿ. ಏಳು."

"ಇವರೆಲ್ಲಾ ಕೇಳ್ಯಾರ್ರೀ?"

ಕೇಳಿದ್ದೇವೆ ಕೇಳಿದ್ದೇವೆ ಎಂದು ಎಲ್ಲರೂ ಅವಸರದಿಂದ ಗೋಣು ಹಾಕಿದರು.

ಹೊಳಿಯಪ್ಪ ಎದ್ದ. ವಸ್ತ್ರ ಝಾಡಿಸಿ ತಲೆಗೆ ಸುತ್ತಿದ. ಈಗ ನಿಂತ ಹೊತ್ತು ದುಡಿಮೆ. ದುಡಿಮೆಯೆಂದರೆ ಮೋಟಾರಿಗೆ ನೀರು ಹಾಕುವುದು. ಡಬ್ಬಿ ಎತ್ತಿಕೊಂಡು ನೇರ ಬಾವಿಯ ಕಡೆ ನಡೆದ. ಊರವರಿಗೆ ಅದು ನಿಜವೆನಿಸುವಷ್ಟರಲ್ಲಿ ಅವನು ಮೆಟ್ಟಿಲಿಳಿದಿದ್ದ. ಕೆಳಗೆ ತಂಪಿತ್ತು. ಡಬ್ಬಿ ಪಕ್ಕಕ್ಕಿಟ್ಟು ಎರಡೂ ಕೈ ನೀರಲ್ಲಿ ಅದ್ದಿದ. ಮೇಲಿಂದ ಯಾರೂ ಹೊಯ್ಯದೆ, ತಾನೇ ಮೊಗೆದು ಕುಡಿದ. ಅಮೃತವಿರಬಹುದು ಅಂದುಕೊಂಡಿದ್ದ. ಬರೇ ನೀರು. ತುಸು ಪಾಚಿಯ ವಾಸನೆ. ಇಷ್ಟಕ್ಕಾಗಿ ಇಷ್ಟು ವರ್ಷ ಬಗ್ಗಿ ನಿಂತೆನೇ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಆಗ ಮೊದಲ ಕಲ್ಲು ಬಿತ್ತು. ಭುಜಕ್ಕೆ. ಎರಡನೆಯದು ಡಬ್ಬಿಗೆ ಬಡಿದು ಸದ್ದಾಯಿತು. ಹೊಳಿಯಪ್ಪ ಡಬ್ಬಿ ತುಂಬಿಕೊಂಡು ಮೇಲೆ ಬಂದ. ಓಡಲಿಲ್ಲ. ಓಡಿದರೆ ನೀರು ಚೆಲ್ಲುತ್ತದೆ. ಊರವರು ಬೈದರು, ಕಲ್ಲೆಸೆದರು. ಹತ್ತಿರ ಬರಲಿಲ್ಲ, ಬಂದರೆ ಮೈಲಿಗೆ. ಅವನು ರೇಡಿಯೇಟರಿಗೆ ನೀರು ಹೊಯ್ದ. ಒಂದು ಡಬ್ಬಿ ಸಾಲದೆ ಮತ್ತೆ ಇಳಿದ, ಮತ್ತೆ ಬಂದ. ಅಂಗಿಯ ಮೇಲೆ ರಕ್ತ ಹರಿಯುತ್ತಿತ್ತು. ನಾವಿದ್ದೇವೆ ಎಂದಿದ್ದ ವಕೀಲರು ಗಾಡಿಯಲ್ಲಿದ್ದರು. ಟೋಪಿಗಳೆಲ್ಲ ಗಾಡಿಯಲ್ಲಿದ್ದವು. ಕಿಟಕಿಯ ಪರದೆಗಳನ್ನು ಇಳಿಬಿಟ್ಟಿದ್ದರು. ಹೊರಡು, ಹೊರಡು ಎಂಬುದೊಂದೇ ಮಾತು ಒಳಗಿನಿಂದ ಬರುತ್ತಿತ್ತು.

ಕೊಪ್ಪಳದ ಸಭೆ ಛಲೋ ಆಯಿತು. ಹಾರ ಹಾಕಿಸಿಕೊಂಡ ಸಾಹುಕಾರರು ಮಾತಾಡಿದರು. ತಮ್ಮ ಡ್ರೈವರು ಇವತ್ತೇ ತಮ್ಮ ಪ್ರೇರಣೆಯಿಂದ ಊರಬಾವಿಗೆ ಇಳಿದು ನೀರು ತಂದನೆಂದೂ, ಕಲ್ಲುಗಳು ಬಿದ್ದರೂ ತಾವೆಲ್ಲ ಹಿಂಜರಿಯಲಿಲ್ಲವೆಂದೂ ಹೇಳಿದರು. ಚಪ್ಪಾಳೆ ಬಿತ್ತು. ಹೊಳಿಯಪ್ಪನಿಗೆ ಅದು ಹೊರಗೆ ಕೇಳಿಸಿತು. ಅವನು ಇದ್ದಲಿಯ ಚೀಲದ ಮೇಲೆ ಕೂತು, ಹಲ್ಲು ಕಚ್ಚಿ, ಭುಜಕ್ಕೆ ಒದ್ದೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ. ಸಿಟ್ಟು ಬಂದಿತ್ತು. ಆದರೂ ಒಂದು ಸಮಾಧಾನವಿತ್ತು. ಗಾಡಿ ನಿಂತಿತ್ತು, ದುಡಿಮೆ ನಡೆದಿತ್ತು. ಇನ್ನು ದುರುಗವ್ವ ಸುತ್ತಿಗೆ ಕೆಳಗಿಡಬಹುದು. ಮನೆಗೆ ಹೋಗಿ ಅವಳಿಗೆ ಹಾಗೆಯೇ ಹೇಳಿದ. ಅವಳು ಅವನ ಭುಜ ಮುಟ್ಟಿ ನೋಡಿ, ಮಾರನೆಯ ದಿನದಿಂದ ಕಲ್ಲಿಗೆ ಹೋಗಲಿಲ್ಲ.

ಕಲ್ಲಬಾವಿಯ ನೀರಿಗೆ ಸಾಹುಕಾರರು ಮತ್ತೆ ಬೇರೊಬ್ಬರಿಗೆ ಜೋಳ ಅಳೆಯತೊಡಗಿದರು. ಪಗಾರದ ದಿನ ಗುಮಾಸ್ತ ಗವಿಸಿದ್ದಪ್ಪ ನಗುತ್ತಲೇ ಮಾತಾಡಿಸಿದ. ಯಜಮಾನರು ಕೊಟ್ಟ ಮಾತಿಗೆ ತಪ್ಪುವವರಲ್ಲ, ನಿಂತ ಹೊತ್ತನ್ನೆಲ್ಲ ಹಿಡಿದಿದ್ದಾರೆ ಎಂದ. ಆದರೆ ಕಲ್ಲಬಾವಿಯವರು ಬಾವಿಯ ನೀರೆಲ್ಲ ಎತ್ತಿ ಚೆಲ್ಲಿ, ಶುದ್ಧಿ ಮಾಡಿಸಿ, ಊರಿಗೆ ಊಟ ಹಾಕಿ, ಅದರ ಖರ್ಚು ಕೊಡದಿದ್ದರೆ ಮೋಟಾರು ಬಿಡುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮೈಲಿಗೆ ಹೊಳಿಯಪ್ಪನದು. ಹಲಗೆಯ ಹಾಗೆ ಇದೂ ಅವನ ಪಗಾರದಲ್ಲೇ ಹೋಗಬೇಕು. ಹೆಚ್ಚಿನ ಪಗಾರವೆಷ್ಟೋ ಶುದ್ಧಿಯೂ ಅಷ್ಟೇ ಆಗಿತ್ತು. ಎಷ್ಟು ಚೆನ್ನಾಗಿ ಸರಿಹೋಯಿತು ನೋಡು ಎಂದು ಗುಮಾಸ್ತ ಸಂತೋಷಪಟ್ಟ. ಗಾದಿಗೆ ಒರಗಿ ಅಡಕೆ ಅಗಿಯುತ್ತಿದ್ದ ಸಾಹುಕಾರರು ತಲೆಯೆತ್ತಲಿಲ್ಲ. ಅವರ ಹಿಂದಿನ ಗೂಟದಲ್ಲಿ ಕೊಪ್ಪಳದ ಹಾರ ಒಣಗುತ್ತಿತ್ತು.

ಹೊಳಿಯಪ್ಪ ಕಟ್ಟೆಯ ಕೆಳಗೆ ಎಂದಿನ ಜಾಗದಲ್ಲೇ ನಿಂತಿದ್ದ. ಕೈಯಲ್ಲಿ ಇಂಜಿನು ತಿರುಗಿಸಿ ಗಾಡಿ ಶುರು ಮಾಡುವ ಕಬ್ಬಿಣದ ಹ್ಯಾಂಡಲಿತ್ತು. ಅದನ್ನು ಎತ್ತಿ ಕಟ್ಟೆಯ ಮೇಲಿಟ್ಟ. ಜೋರಾಗಿಯೇನೂ ಇಡಲಿಲ್ಲ.

"ಮೋಟಾರಿಗೆ ನೀರು ಹಾಕಿದ್ದು ನಿಮ್ಮ ಕೆಲಸ. ಕಲ್ಲು ಬಿದ್ದದ್ದು ನನ್ನ ಮೈಗೆ. ಬಾವಿಯಾಗ ತೊಳದದ್ದು ಅವರ ಮನಸಿನ ಕೊಳಿ. ಇದರಾಗ ನಾ ಯಾಕ ರೊಕ್ಕ ಕೊಡಬೇಕು? ನಾ ಇನ್ನ ಗಾಡಿ ಮುಟ್ಟೂದಿಲ್ಲ. ನಿಂತ ಹೊತ್ತಿಂದು ಪಗಾರ ಪೂರಾ ಕೊಡ್ತೀನಿ, ಬಾವಿ ಖರ್ಚು ನಿನಗಿಲ್ಲ ಅಂತ ಸಾವ್ಕಾರ್ರು ತಾವ ನಮ್ಮ ಓಣಿಗೆ ಬಂದು ಹೇಳಲಿ. ಆಗ ನೋಡೂಣು."

ಸಾಹುಕಾರರು ನಕ್ಕರು. ಡ್ರೈವರು ಹುಡುಕಲು ಗುಮಾಸ್ತನನ್ನು ಗಂಗಾವತಿಗೆ, ತಾವರಗೇರಿಗೆ, ಯಲಬುರ್ಗಿಗೆ ಕಳಿಸಿದರು. ಯುದ್ಧ ಇನ್ನೂ ಮುಗಿದಿರಲಿಲ್ಲ, ಬೂಟು ಇನ್ನೂ ಪುಕ್ಕಟೆಯೇ ಇತ್ತು. ಗುಮಾಸ್ತ ಬರಿಗೈಲಿ ಬಂದ. ಮೋಟಾರು ಸಾಹುಕಾರರ ಮನೆಯ ಮುಂದೆ ನಿಂತಿತು. ಅದರ ಒಲೆಯಲ್ಲಿ ಕೋಳಿ ಮೊಟ್ಟೆ ಇಟ್ಟಿತು. ಅವಸರದವರು ಮತ್ತೆ ಕಾಲ್ನಡಿಗೆಗೆ ಇಳಿದರು, ಮತ್ತೆ ಬೊಬ್ಬೆ ಎದ್ದವು. ಆ ಡ್ರೈವರನನ್ನು ಹೇಗಾದರೂ ಒಲಿಸಿರಿ ಎಂದು ಹಲಗೆ ಬಡಿಸಿದ ಹಿರಿಯರೇ ಸಾಹುಕಾರರಿಗೆ ದುಂಬಾಲು ಬಿದ್ದರು. ಇತ್ತ ಹೊಳಿಯಪ್ಪನ ಮನೆಯಲ್ಲಿ ಜೋಳದ ಗಡಿಗೆ ತಳ ಕಂಡಿತ್ತು. ನಾಳೆಯಿಂದ ಕಲ್ಲಿಗೆ ಹೋಗಲೇ ಎಂದು ದುರುಗವ್ವ ಕೇಳಿದಳು. ಬೇಡ, ನಾನು ಹೋಗುತ್ತೇನೆ ಎಂದು ಅವನು ಅವಳ ಸುತ್ತಿಗೆ ಹಿಡಿದು ಹೋದ. ನೋಯುವ ಭುಜದಲ್ಲೇ ಜಲ್ಲಿ ಒಡೆದ. ಗಾಡಿಯಿಲ್ಲದ ರಸ್ತೆಯಲ್ಲಿ ಧೂಳಿರಲಿಲ್ಲ.

ಒಂದು ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಿದ್ದ. ಮಾದರ ಓಣಿಯ ನಾಯಿಗಳು ಒಮ್ಮೆಲೇ ಬೊಗಳತೊಡಗಿದವು. ದುರುಗವ್ವ ಬಾಗಿಲಿಗೆ ಹೋಗಿ ನೋಡಿದಳು. ಓಣಿಯ ಬಾಯಲ್ಲಿ ದೊಡ್ಡಬಸಪ್ಪನವರು ಕೊಡೆ ಹಿಡಿದು ನಿಂತಿದ್ದರು. ಒಳಗೆ ಬಂದರೆ ಮೈಲಿಗೆ, ತಿರುಗಿ ಹೋದರೆ ಮೋಟಾರಿಲ್ಲ. ಕೂಗಲಿಕ್ಕೂ ಬಾಯಿ ಬರುತ್ತಿರಲಿಲ್ಲ. ಓಣಿಯ ಮಂದಿಯೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ಕೂತು ಅವರನ್ನು ನೋಡುತ್ತಿದ್ದರು. ಯಾರೂ ಏಳಲಿಲ್ಲ.

"ಸಾವ್ಕಾರ್ರು ಬಂದಾರ್ರಿ," ಎಂದಳು ದುರುಗವ್ವ. "ಬಿಸಲಾಗ ಆವಾಗಿಂದ ನಿಂತಾರ."

ಹೊಳಿಯಪ್ಪ ರೊಟ್ಟಿ ಮುರಿದ. ಉಳ್ಳಾಗಡ್ಡಿಯನ್ನು ಗುದ್ದಿ ಒಡೆದ.

"ನಿಂತಾರಲ್ಲ, ಅಂದ್ರ ಆರಾಮ ಅದಾರ," ಎಂದ. "ನೀ ಇನ್ನೊಂದು ರೊಟ್ಟಿ ಹಾಕು."